ಮಾವನ ಬೊಂಬಾಯಿ ವರ್ಣನೆ

ಬೊಂಬಾಯಿಯಲ್ಲಿ ಸೆಖೆಯೇ ಇಲ್ಲವಂತೆ. ಹಗಲಿರುಳು ಸಮುದ್ರದ ಗಾಳಿ ಬೀಸಿ ಊರೆಲ್ಲ ತಂಪಂತೆ. ಹಾಗಾದರೆ ಪ್ರತಿ ಮೇ ತಿಂಗಳು, ನರಿಕೊಂಬಿನ ಸ್ವಂತ ಮನೆಗೆ ಹೋಗುವ ಮೊದಲು ಬೆಳ್ತಂಗಡಿಯಲ್ಲಿ ಬಸ್ಸಿಳಿದು, ಲಾಯಿಲದ ನಮ್ಮ ಮನೆಗೆ ಬಂದು, ಅಂಗಿ ಬಿಚ್ಚುವ ನನ್ನ ಸೋದರಮಾವನ ಬೆನ್ನ ತುಂಬ ಇರುವ ಆ ಬೆವರುಸಾಲೆ ಎಲ್ಲಿಯದು? ಸಮುದ್ರಗಾಳಿಯ ಪ್ರಸಾದವೇ?

ನನಗೆ ಸಿಟ್ಟು ಬರಲು ಕಾರಣ ಉಂಟು. ಈ ಸಲ ಮಾವ ಬರಿಗೈಯಲ್ಲಿ ಬರಲಿಲ್ಲ. ತಂಗಿ ಸುಮತಿಗೆ ಒಂದು ಸಂಬಂಧ ತಂದಿದ್ದಾರೆ. ಹುಡುಗ ಅವರು ಕೆಲಸ ಮಾಡುವ ಹೋಟೆಲಿನಲ್ಲೇ ಮ್ಯಾನೇಜರ್. ಸುಮತಿಗೋ ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗ್ ಮಾಡುವ ಆಸೆ. ತುಂಬಿಸಿದ ಅರ್ಜಿ ಅವಳ ಟ್ರಂಕಿನಲ್ಲಿದೆ. ಅಮ್ಮನ ರುಜು ಒಂದು ಬಾಕಿ. ಆ ರುಜುವಿಗೂ ಅಮ್ಮನ ಕೈಗೂ ನಡುವೆ ಈಗ ಇಡೀ ಬೊಂಬಾಯಿ ಬಂದು ಕೂತಿದೆ.

ಮಾವನ ಹತ್ತಿರ ಊರನ್ನು ಅಳೆಯಲು ನಮ್ಮ ರಸ್ತೆಯೇ ಕೋಲು. "ಬಂಟ್ವಾಳದಿಂದ ಫರಂಗಿಪೇಟೆಯವರೆಗೆ ಎಡೆಬಿಡದೆ ನಾಲ್ಕು ಮಾಳಿಗೆಯ ಮನೆಗಳು ಎಂದು ಎಣಿಸಿಕೊಳ್ಳಿ ಅಕ್ಕ. ಅಲ್ಲಿಗೂ ಊರು ಮುಗಿಯುವುದಿಲ್ಲ! ಎದುರಿಗೆ ಸಮುದ್ರ!" ನಮ್ಮ ಹಳೆಯ ಕವಿಗಳೂ ಹೀಗೆಯೇ. ಕಾವ್ಯಕ್ಕೆ ಪುರವರ್ಣನೆ ಬೇಕೆಂದು ಕೋಟೆ, ಕೊಳ, ಉಪ್ಪರಿಗೆ ಎಲ್ಲ ಹೇಳಿದರು. ನೀರು ಹೊರುವವಳು ಎಷ್ಟು ಹೊತ್ತು ಸರದಿ ಕಾಯಬೇಕು ಎಂದು ಒಬ್ಬನೂ ಹೇಳಲಿಲ್ಲ. ಆ ಪುರದಲ್ಲಿ ಸಂಸಾರ ಮಾಡಬೇಕಾದವರು ಅವರಲ್ಲವಲ್ಲ!

ಕಳೆದ ವರ್ಷ ಕಾಲೇಜಿನ ಪರವಾಗಿ ಚರ್ಚಾಕೂಟಕ್ಕೆಂದು ನಾನು ಬೊಂಬಾಯಿಗೆ ಹೋಗಿ ನಾಲ್ಕು ದಿನ ಮಾವನ ಕೋಣೆಯಲ್ಲಿದ್ದೆ. ಕೋಣೆ ಅಂದರೆ ಹನ್ನೊಂದು ಜನ, ಒಂದು ಕಿಟಿಕಿ. ಮಲಗುವುದೂ ಪಾಳಿಯಲ್ಲಿ: ಒಬ್ಬ ಎದ್ದ ಚಾಪೆಯ ಬೆಚ್ಚಗಿನಲ್ಲಿ ಇನ್ನೊಬ್ಬ. ಜಗಲಿಯ ಕೊನೆಯ ನಲ್ಲಿಯಲ್ಲಿ ನೀರು ಬರುವ ಮೊದಲೇ ಜಗಳ ಬರುತ್ತಿತ್ತು. ಸಮುದ್ರ ಎಲ್ಲಿ ಮಾವ ಎಂದರೆ, "ಆಚೆ ಉಂಟು ಮಾರಾಯ" ಎಂದರು. ಆಚೆ ಹೋಗಿ ನೋಡಲು ಅವರಿಗೆ ಪುರುಸೊತ್ತೇ ಆಗಿರಲಿಲ್ಲ.

ಇದನ್ನೆಲ್ಲ ಮೊನ್ನೆ ಚಾವಡಿಯಲ್ಲಿ ಅಂಶ ಅಂಶವಾಗಿ ಮಂಡಿಸಿದೆ. ಮಾವ ನಕ್ಕುಬಿಟ್ಟರು. "ನಿನ್ನ ಭಾಷಣಕ್ಕೆ ಮೂಡಬಿದ್ರೆಯ ಚರ್ಚಾಕೂಟದಲ್ಲಿ ಬಹುಮಾನದ ಕಪ್ಪು ಕೊಟ್ಟಾರು ಮಾರಾಯ. ನಾಲ್ಕು ದಿನ ಇದ್ದವನ ಮಾತೋ, ಹದಿನೆಂಟು ವರ್ಷ ಇದ್ದವನ ಮಾತೋ? ನೀವೇ ಹೇಳಿ ಅಕ್ಕ."

ಅಮ್ಮ ಹದಿನೆಂಟರ ಕಡೆ ವಾಲಿದ್ದು ಕಣ್ಣಿಗೆ ಕಾಣುತ್ತಿತ್ತು. ನಾನು ಗೆದ್ದ ಕಪ್ಪಿನಲ್ಲಿ ಅವರು ಮಜ್ಜಿಗೆ ಮೆಣಸು ತುಂಬಿಸಿಟ್ಟಿದ್ದಾರೆ. ನನ್ನ ವಾದಕ್ಕೆ ನಮ್ಮ ಮನೆಯಲ್ಲಿ ಅಷ್ಟೇ ಮರ್ಯಾದೆ.

ಆಗ, ಒಂದು ಚರ್ಚಾಕೂಟಕ್ಕೂ ಹೋಗದ ಸುಮತಿ, ಮಾವನ ಲೋಟಕ್ಕೆ ಮಜ್ಜಿಗೆ ಬಗ್ಗಿಸುತ್ತ, ತಲೆಯೆತ್ತದೆ ಕೇಳಿದಳು:

"ಅಷ್ಟು ಚಂದದ ಊರಾದರೆ, ಹದಿನೆಂಟು ವರ್ಷವೂ ಅತ್ತೆಯನ್ನು ನರಿಕೊಂಬಿನಲ್ಲೇ ಯಾಕೆ ಬಿಟ್ಟಿರಿ ಮಾವ?"