ಗಡಿಗೆಯಲ್ಲೇ ಇರಬೇಕಾಗಿದ್ದ ಶ್ರೀಖಂಡ

ನವಸಾಗರದ ಹೊಗೆ ಮೂಗಿಗೆ ಬಡಿದಾಗ ನಾನು ಕರೆಯಬೇಕಾದವರ ಪಟ್ಟಿ ಬರೆಯುತ್ತ ಕೂತಿದ್ದೆ. ಅಂಗಳದ ಬೇವಿನ ಮರದ ಕೆಳಗೆ ಕಲಾಯಿಗಾರ ಕುಣಿ ತೋಡಿ, ತಿದಿ ಊದಿ, ಒಳಗೆ ತವರ ಬಳಿಯಲು ನಮ್ಮ ಮನೆಯ ಪಾತ್ರೆಗಳನ್ನು ಒಂದೊಂದಾಗಿ ಕೆಂಡದ ಮೇಲೆ ತಿರುವುತ್ತಿದ್ದ. ಮಗಳ ನಿಶ್ಚಯಕ್ಕೆ ಇನ್ನು ಎಂಟೇ ದಿನ. ಆ ಹೊಗೆಯ ಪರಿಚಯ ನಿಮಗೂ ಇರಬಹುದು. ಬೆಳ್ಳಗಿರುತ್ತದೆ, ಖಾರವಾಗಿರುತ್ತದೆ, ಅಳು ಬಾರದವನ ಕಣ್ಣಲ್ಲೂ ನೀರು ತರಿಸುತ್ತದೆ. ಕಣ್ಣೊರೆಸಿಕೊಂಡು ತಲೆಯೆತ್ತಿದರೆ ನನ್ನ ಹೆಂಡತಿ ಅಟ್ಟದಿಂದ ದೊಡ್ಡದೊಂದು ತಾಮ್ರದ ಬೋಗುಣಿ ಇಳಿಸಿಕೊಂಡು ಬರುತ್ತಿದ್ದಳು.

"ಇಷ್ಟ ಛಲೋ ಬೋಗುಣಿ, ಯಾಕ ಅಟ್ಟಕ್ಕ ಹಾಕೀರಿ? ಇದಕ್ಕೂ ಕಲಾಯಿ ಹಾಕಿಸಿಬಿಡ್ತೇನಿ."

ಅವಳು ಬೋಗುಣಿಯ ಮೇಲಿನ ಧೂಳು ಒರೆಸುತ್ತ ಇನ್ನೊಂದು ಮಾತು ಹೇಳಿದಳು: "ಔರಾದಿಂದ ಸಂಗಮ್ಮ ಹೇಳಿ ಕಳಿಸಿದ್ಲು, ಶೇಂಗಾ ಹೋಳಿಗಿ ಮಾಡ್ಕೊಂಡು ಬರ್ಲೇನಂತ. ಬ್ಯಾಡ, ಬರೀ ಬಾ ಅಂತ ಹೇಳೀನಿ. ನಿಮಗ ಗೊತ್ತೇ ಅದ ಅಲ್ರಿ."

ನನಗೆ ಗೊತ್ತಿತ್ತು. ಅವಳಿಗಿಂತ ಹೆಚ್ಚು ಗೊತ್ತಿತ್ತು. ಅದನ್ನೇ ಇಲ್ಲಿ ಬರೆಯಲು ಕೂತಿದ್ದೇನೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸ ನನ್ನದು. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ; ಅದು ನಮ್ಮ ಮನೆಯ ಆಳಿನಂತೆ, ಧಣಿಗೆ ಹಿಡಿಸುವುದನ್ನೇ ಹೇಳುತ್ತದೆ. ಆದರೆ ಆ ಒಂದು ವರ್ಷದ ದಿನಚರಿಯನ್ನು ಮಾತ್ರ ಮತ್ತೆ ತೆರೆದಿರಲಿಲ್ಲ. ಇವತ್ತು ತೆರೆದೆ.

ಸಂಗಮ್ಮ ನನ್ನ ಚಿಗವ್ವನ ಮಗಳು. ಚಿಗವ್ವ ಅಂದರೆ ನಮ್ಮವ್ವನ ತಂಗಿ. ಔರಾದಿಗೆ ಕೊಟ್ಟಿದ್ದರು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದಳು. ಸಂಗಮ್ಮನಿಗೆ ಬೀದರ ಪೇಟೆಯ ಜವಳಿ ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಶಾಲಾ ಮಾಸ್ತರ. ಸಂಗಮ್ಮನಿಗೆ ಅವನು ಮನಸ್ಸಿಗೆ ಬಂದಿದ್ದ. ಒಮ್ಮೆ ಜಾತ್ರೆಯಲ್ಲಿ ದೂರದಿಂದ ನೋಡಿದ್ದಳಂತೆ. ತಂದೆಯಿಲ್ಲದ ಹುಡುಗಿ, ಆದ್ದರಿಂದ ಬೀಗರು ಬರುವುದು, ಊಟ, ಮಾತು ಎಲ್ಲ ಭಾಲ್ಕಿಯ ನಮ್ಮ ಮನೆಯಲ್ಲೇ ಎಂದು ಅಪ್ಪ ಹೇಳಿದರು. ಅಪ್ಪ ತಹಸೀಲ ಕಚೇರಿಯಲ್ಲಿದ್ದರು. ಅವ್ವನಿಗೆ ಮೊಣಕಾಲು ನೋವು. ಅಡಿಗೆಯ ಭಾರವೆಲ್ಲ ಚಿಗವ್ವನ ಮೇಲೆ.

ಅವಳು ಐದು ದಿನ ಮೊದಲೇ ಮಗಳೊಡನೆ ಬಂಡಿಯಲ್ಲಿ ಬಂದಿಳಿದಳು. ಬೀದರಿನಿಂದ ಬರುವ ಬಂಡಿಗಳು ಮುಂಜಾನೆ ಮುಟ್ಟುತ್ತವೆಯೋ ಮಧ್ಯಾಹ್ನಕ್ಕೋ ಹೇಳಲಾಗದು. ಸಿಹಿಯೆಲ್ಲ ಮೊದಲೇ ಆಗಿ, ಕಾಯುತ್ತ ಕೂಡಬೇಕು. ಚಿಗವ್ವನ ಲೆಕ್ಕ ಸರಳ: ಒಣಗಿದ್ದು ಮೊದಲು, ಹಸಿಯದು ಕಡೆಗೆ. ಮೊದಲ ದಿನ ಬೇಸನ್ ಉಂಡಿ. ಎರಡನೆಯ ದಿನ ಕರ್ಜಿಕಾಯಿ. ಆಮೇಲೆ ಶೇಂಗಾ ಹೋಳಿಗಿ. "ಇವು ಹುಡುಗಿ ಮದುವಿಯಾಗಿ, ಬಸರಾಗಿ, ತವರಿಗಿ ಬರೂತನಕ ಕೆಡೂದಿಲ್ಲ ನೋಡು," ಎಂದು ಸಂಗಮ್ಮನ ಗಲ್ಲಕ್ಕೆ ಹಿಟ್ಟಿನ ಬೆರಳು ಒತ್ತಿದ್ದಳು. ಸಂಗಮ್ಮ "ಹೋಗವ್ವಾ" ಎಂದು ಒಳಗೆ ಓಡಿದ್ದಳು.

ಎಲ್ಲ ಮೊದಲೇ ಮಾಡಿಡಲು ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳೇ ನಗುತ್ತ ಹೇಳುತ್ತಿದ್ದಳು: "ಬೀಗರು ಬಂಡಿ ಇಳಿಯೂದಕ್ಕ ನನ್ನ ಕೈ ತೊಳದು ಒಣಗಿರಬೇಕಪಾ. ಶುಭದ ಹೊತ್ತಿನಾಗ ನಾ ಅವರ ಕಣ್ಣಿಗಿ ಬೀಳೂದು ಬ್ಯಾಡ." ನಮ್ಮ ಮನೆಯಲ್ಲಿ ದಿನಾ ಸಂಜೆ ಶರಣರ ಮಾತು ಓದುತ್ತಿದ್ದರು, ಮೈಲಿಗೆಯಿಲ್ಲ, ಭೇದವಿಲ್ಲ ಎಂದು ತಲೆದೂಗುತ್ತಿದ್ದರು. ನಾನೂ ತಲೆದೂಗುತ್ತಿದ್ದೆ. ಚಿಗವ್ವ ಹಿತ್ತಲ ಕೋಣೆಯಲ್ಲಿ ಇರುವುದನ್ನು ಯಾರೂ ಬೇಡವೆನ್ನಲಿಲ್ಲ.

ನಾನಾಗ ಹೈದರಾಬಾದಿನ ಕಾಲೇಜಿನಿಂದ ರಜಕ್ಕೆ ಬಂದವನು. ತಲೆಗೆ ಹೊಸ ಟೋಪಿ, ಬಾಯಲ್ಲಿ ಶುದ್ಧ ಉರ್ದು. ಅಲ್ಲಿನ ಗೆಳೆಯನೊಬ್ಬನ ಮನೆಯ ದಾವತ್ತಿನ ಊಟಕ್ಕೆ ಒಮ್ಮೆ ಹೋಗಿ ಬಂದಿದ್ದೆ. ಥಳಥಳಿಸುವ ಪಾತ್ರೆಗಳು ಸಾಲಾಗಿ ಬರುವುದನ್ನು ಕಂಡಿದ್ದೆ. ಆ ಒಂದು ದಾವತ್ತನ್ನು ಮನೆಯವರಿಗೆ ಎಷ್ಟು ಸಲ ಬಡಿಸಿದೆನೋ! ಚಿಗವ್ವ ನನ್ನನ್ನು ನವಾಬಾ ಎಂದೇ ಕರೆಯತೊಡಗಿದ್ದಳು. "ನವಾಬಾ, ಆ ಬಟ್ಟಿ ತುದಿ ಹಿಡಿ. ಇಲ್ಲಾ ನಿಮ್ಮ ಕಾಲೇಜಿನಾಗ ಮೊಸರು ಕಟ್ಟೂದು ಕಲಿಸಿಲ್ಲೇನು?"

ಬೀಗರು ಬರುವ ಹಿಂದಿನ ದಿನ ಶ್ರೀಖಂಡ. ಎಮ್ಮೆಯ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿ ನೀರಿಳಿಸಿದ್ದಳು. ಅದಕ್ಕೆ ಸಕ್ಕರೆ ಬೆರೆಸಿ, ಇನ್ನೊಂದು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಸೋಸಿ, ಏಲಕ್ಕಿ, ಜಾಜಿಕಾಯಿ ಹಾಕಿ, ಹೊಸ ಮಣ್ಣಿನ ಗಡಿಗೆಗೆ ತುಂಬಿದಳು. ಬಾಯಿಗೆ ಹಸಿಬಟ್ಟೆ ಕಟ್ಟಿ, ಮೂಲೆಯ ಮರಳಿನ ಮೇಲಿಟ್ಟು ನನಗೆ ಹೇಳಿದಳು: "ಗಡಿಗ್ಯಾಗೇ ಇರ್ಲಿ. ಪಂಕ್ತಿ ಕೂತ ಮ್ಯಾಲ ತಗದು ಬಡಸು. ಮೊದಲ ತಗೀಬ್ಯಾಡ, ತಿಳೀತು?" ಆಮೇಲೆ ಅವಳು ಹಿತ್ತಲ ಕೋಣೆಗೆ ಹೋದಳು.

ಮಣ್ಣಿನ ಗಡಿಗೆಯಿಂದ ಬೀದರಿನವರಿಗೆ ಬಡಿಸುವುದೇ? ನನಗೆ ನಾಚಿಕೆಯಾಯಿತು. ಅಜ್ಜನ ಕಾಲದ ತಾಮ್ರದ ಬೋಗುಣಿ ಹುಡುಕಿ ತೆಗೆದೆ. ಒಳಗಿನ ಕಲಾಯಿ ಮಂಕಾಗಿ, ಅಲ್ಲಲ್ಲಿ ಕಪ್ಪಗಿತ್ತು. ಅದು ಕೊಳೆಯೆಂದುಕೊಂಡೆ. ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ನಾನೇ ಕೂತು ತಿಕ್ಕಿದೆ. ಜೀವನದಲ್ಲಿ ನಾನು ಪಾತ್ರೆ ತಿಕ್ಕಿದ್ದು ಅದೊಂದೇ ಸಲ, ಅದನ್ನೂ ಮನಸ್ಸಿಟ್ಟು ತಿಕ್ಕಿದೆ. ಉಳಿದಿದ್ದ ಕಲಾಯಿಯೂ ಹೋಗಿ ಒಳಗೆಲ್ಲ ಕೆಂಪಗೆ ಹೊಳೆಯಿತು. ಸಂಜೆ ದೀಪ ಹಚ್ಚುವ ಮೊದಲು ಶ್ರೀಖಂಡವನ್ನೆಲ್ಲ ಅದಕ್ಕೆ ಸುರಿದು ಮುಚ್ಚಿಟ್ಟೆ. ಹುಳಿಗೆ ಸಿಕ್ಕ ತಾಮ್ರ ಏನಾಗುತ್ತದೆ, ಹೇಗೆ ಹಸಿರು ವಿಷ ಬಿಡುತ್ತದೆ ಎಂಬುದು ನಮ್ಮ ವಿಜ್ಞಾನದ ಪುಸ್ತಕದಲ್ಲಿತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು. ಉರ್ದುವಿನಲ್ಲಿ ಚಂದವಾಗಿ ಉತ್ತರವನ್ನೂ ಬರೆದಿದ್ದೆ. ಪುಸ್ತಕದ ತಾಂಬಾ ಬೇರೆ, ಅಜ್ಜನ ಬೋಗುಣಿ ಬೇರೆ ಎಂದು ನನ್ನ ತಲೆ ತಿಳಿದಿತ್ತೋ ಏನೋ.

ಮರುದಿನ ಬೀಗರು ಬಂದರು, ಸಂಗಮ್ಮನನ್ನು ನೋಡಿದರು, ಒಪ್ಪಿದರು. ಮಧ್ಯಾಹ್ನ ಪಂಕ್ತಿ ಕೂತಿತು. ಹೊಳೆಯುವ ಬೋಗುಣಿ ಹಿಡಿದು ನಾನೇ ಬಡಿಸಿದೆ. ಹುಡುಗನ ತಾಯಿ ಎರಡು ಸಲ ಹಾಕಿಸಿಕೊಂಡು, "ಯಾರ ಕೈಯಿಂದು ಇದು?" ಎಂದು ಕೇಳಿದರು. "ಹುಡುಗಿ ತಾಯಿದ್ರಿ," ಎಂದೆ ಹೆಮ್ಮೆಯಿಂದ. ಆ ಉತ್ತರ ಕೊಡದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಎಲೆ ಎತ್ತುವುದರೊಳಗೆ ಒಬ್ಬರು ಹೊಟ್ಟೆ ಹಿಡಿದುಕೊಂಡು ಎದ್ದರು. ಆಮೇಲೆ ಇನ್ನೊಬ್ಬರು. ಪಡಸಾಲೆ, ಅಂಗಳ, ಕಟ್ಟೆ, ಎಲ್ಲೆಂದರಲ್ಲಿ ವಾಂತಿ. ಹುಡುಗನ ದೊಡ್ಡಪ್ಪ ಮೂರು ದಿನ ನಮ್ಮ ಪಡಸಾಲೆಯಲ್ಲೇ ಮಲಗಿದ್ದರು. ಯಾರೂ ಸಾಯಲಿಲ್ಲ. ಬಡಿಸುವ ಕೆಲಸದಲ್ಲಿದ್ದ ನಾನು ಅದನ್ನು ಬಾಯಿಗೂ ಹಾಕಿರಲಿಲ್ಲ.

ಅಪ್ಪ ಬೀಗರ ತಲೆ ಹಿಡಿದು ಕೂತಿದ್ದರು. ಕರೆಸಿದ ಹಕೀಮರು ನಾಡಿ ನೋಡಿ, ಅಡಿಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಕೇಳಿದರು: "ಮಿಯಾಂ, ದಹೀ ಕಾಯೇ ಮೇಂ ರಖೇ ಥೇ?" ಮೊಸರು ಯಾವುದರಲ್ಲಿ ಇಟ್ಟಿದ್ದಿರಿ ಎಂದು. ಒಳಗೆ ಚಿಗವ್ವ ನಿಂತಿದ್ದಳು. ಅವಳ ಸೆರಗು ತೊಯ್ದಿತ್ತು. ಆಗಲೇ ಬೋಗುಣಿ ತೊಳೆದು ಬೋರಲು ಹಾಕಿದ್ದಳು. ಅವಳಿಗೆ ಉರ್ದು ಬಾರದು. ನಾನು ದುಭಾಷಿಯಂತೆ ಅವಳ ಕಡೆ ತಿರುಗಿ ಕೇಳಿದೆ:

"ಯಾವುದ್ರಾಗ ಇಟ್ಟಿದ್ದಿ ಚಿಗವ್ವಾ?"

ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತು ಎಂದು ನೆನಪು ಹೇಳುತ್ತದೆ; ಬಹುಶಃ ಒಂದು ಉಸಿರಿನಷ್ಟು.

"ನಾ ಗಡಿಗ್ಯಾಗ ಇಟ್ಟಿದ್ದೆನಪಾ."

ನಾನು ಹಕೀಮರ ಕಡೆ ತಿರುಗಿ, ಶುದ್ಧ ಉರ್ದುವಿನಲ್ಲಿ ಹೇಳಿದೆ: "ಮಿಟ್ಟೀ ಕೇ ಮಟಕೇ ಮೇಂ, ಹಕೀಮ ಸಾಹೇಬ." ಮಣ್ಣಿನ ಗಡಿಗೆಯಲ್ಲಿ ಎಂದು.

ಹಕೀಮರು ತಲೆಯಾಡಿಸಿದರು. ಹಾಗಾದರೆ ಮೊಸರೇ ಕೆಟ್ಟಿರಬೇಕು, ಇಲ್ಲವೇ ಏನೋ ಬಿದ್ದಿರಬೇಕು ಎಂದರು. ಪಡಸಾಲೆಯಲ್ಲಿ ಮಲಗಿದ್ದಲ್ಲಿಂದಲೇ ಹುಡುಗನ ತಾಯಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಏನೂ ಬಿದ್ದಿಲ್ರಿ. ಗಂಡನ್ನ ತಿಂದ ಕೈ ಅದು. ಅಂಥಾಕಿ ಮಗಳನ್ನ ನಮ್ಮ ಮನೀಗಿ ತಂದು ನಾಳಿ ನನ್ನ ಮಗನ್ನ ಕಳಕೊಳ್ಳಲೇನು?"

ಸಂಬಂಧ ಅಲ್ಲಿಗೆ ಮುಗಿಯಿತು. ಚಿಗವ್ವ ಔರಾದಿಗೆ ಹೊರಟಾಗ ಬಂಡಿಯ ತನಕ ನಾನೇ ಗಂಟು ಒಯ್ದೆ. ಸಂಗಮ್ಮ ಒಳಗೆ ಮುಖ ತಿರುಗಿಸಿ ಕೂತಿದ್ದಳು. ಚಿಗವ್ವ ಗಂಟು ತೆಗೆದುಕೊಂಡು ಮೆಲ್ಲಗೆ ಒಂದೇ ಮಾತು ಹೇಳಿದಳು:

"ಆ ಬೋಗುಣಿಗಿ ಕಲಾಯಿ ಹಾಕಸು ತಮ್ಮಾ. ಮರೀಬ್ಯಾಡ."

ಬೈಯಲಿಲ್ಲ. ನವಾಬಾ ಎನ್ನಲಿಲ್ಲ. ಮನೆಯವರೆದುರು ನನ್ನನ್ನು ಯಾಕೆ ಉಳಿಸಿದಳು? ಅಪ್ಪನ ಸಿಟ್ಟಿಗೆ ಹೆದರಿಯೋ, ನನ್ನ ಓದು ನಿಂತೀತೆಂದೋ, ಅಥವಾ ವಿಧವೆಯ ಮಾತನ್ನು ಯಾರೂ ನಂಬರೆಂದೋ? ನಾನಾಗಿಯೇ ಹೇಳುತ್ತೇನೆಂದು ಕಾದಳೋ? ಕೊನೆಯದನ್ನು ಯೋಚಿಸದಿರಲು ಉಳಿದವನ್ನೆಲ್ಲ ಇಷ್ಟು ವರ್ಷ ಯೋಚಿಸಿದ್ದೇನೆ.

ಬೋಗುಣಿಯನ್ನು ಅಟ್ಟಕ್ಕೆ ಹಾಕಿದೆ. ಸುದ್ದಿ ಬೀದರಿನಿಂದ ಔರಾದಿನವರೆಗೆ ತಾನೇ ನಡೆದುಕೊಂಡು ಹೋಯಿತು. ಚಿಗವ್ವನ ಸಿಹಿಯನ್ನು ಮತ್ತೆ ಯಾರೂ ಕೇಳಲಿಲ್ಲ. ನನ್ನ ಮದುವೆಗೆ ಬಂದವಳು ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಯಾರಾದರೂ ಕೆಲಸ ಹೇಳಿಯಾರೆಂದಲ್ಲ, ಯಾರೂ ಹೇಳಲಿಕ್ಕಿಲ್ಲವೆಂದು. ಸಂಗಮ್ಮನನ್ನು ಔರಾದಿನಲ್ಲೇ ಎರಡು ಮಕ್ಕಳಿದ್ದ ಒಬ್ಬ ವಯಸ್ಸಾದವನಿಗೆ ಕೊಟ್ಟರು. ತಾಯಿ ಸತ್ತ ಮೇಲೆ ಕೈ ಕೆಟ್ಟದ್ದೆಂಬ ಆ ಮಾತು ಮಗಳ ಕೈಗೆ ಹತ್ತಿತು. ಅತ್ತೆಮನೆಯಲ್ಲಿ ಹಬ್ಬದ ಒಲೆಗೆ ಅವಳನ್ನು ಬಿಡುವುದಿಲ್ಲ ಎಂದು ಕೇಳಿದ್ದೇನೆ. ಕೇಳಿ ಸುಮ್ಮನಾಗಿದ್ದೇನೆ.

ನನಗೆ ನಾನು ಹೇಳಿಕೊಂಡ ಸಮಾಧಾನ ಒಂದೇ: ತಿಳಿಯದೆ ಆದದ್ದು, ಬಡಿಸುವಾಗ ನನಗೇನೂ ಕಂಡಿರಲಿಲ್ಲ. ಆಣೆ ಮಾಡಿ ಹೇಳಿಕೊಳ್ಳುತ್ತಿದ್ದೆ. ಇವತ್ತು ದಿನಚರಿ ತೆರೆದರೆ, ಆ ಮುಂಜಾನೆ, ಬಂಡಿಗಳು ಬರುವ ಮೊದಲು ಬರೆದ ನನ್ನದೇ ಅಕ್ಷರ ಅಲ್ಲಿದೆ. ಉರ್ದುವಿನಲ್ಲಿದೆ, ಅರ್ಥ ಇಷ್ಟು: ಮುಚ್ಚಳ ತೆಗೆದು ನೋಡಿದೆ. ಶ್ರೀಖಂಡದ ಅಂಚಿಗೆ ಸುತ್ತಲೂ ತಿಳಿಹಸಿರು ಬಂದಿದೆ, ಪಿಸ್ತಾ ಹಾಕಿದಂತೆ. ಬಹಳ ಚಂದ ಕಾಣುತ್ತದೆ.

ಕಂಡಿತ್ತು. ಹಕೀಮರು ಪ್ರಶ್ನೆ ಕೇಳುವಾಗ ಆ ಹಸಿರು ನನ್ನ ಕಣ್ಣ ಮುಂದೆ ಇದ್ದಿರಲೇಬೇಕು.

ದಿನಚರಿ ಮುಚ್ಚಿ ಅಂಗಳಕ್ಕೆ ಬಂದೆ. ಕಲಾಯಿಗಾರ ಬೋಗುಣಿಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಒಳಗೆಲ್ಲ ಸವರುತ್ತಿದ್ದ. ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅಲ್ಲೇ, ಹೊಗೆಯಲ್ಲೇ ನಿಂತು ಅವಳಿಗೆ ಎಲ್ಲ ಹೇಳಿದೆ. ತಿದಿಯ ಸದ್ದಿಗೆ ಎರಡು ಸಲ ಹೇಳಬೇಕಾಯಿತು. ಕಲಾಯಿಗಾರನಿಗೂ ಕೇಳಿಸಿತು, ಅವನು ತಲೆ ಎತ್ತಲಿಲ್ಲ.

ಅವಳು ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ತನ್ನ ಅಂಗೈಗಳನ್ನು ನೋಡಿಕೊಂಡು ಮೆಲ್ಲಗೆ ಹೇಳಿದಳು:

"ಹ್ವಾದ ವರ್ಷ ಸಂಗಮ್ಮ ನಮ್ಮ ಮನೀಗಿ ಪ್ರಸಾದ ತಂದಿದ್ಲು. ನಾ ಕೈ ಚಾಚಿ ತಗೊಂಡು, ಆಕಿ ಹೋದ ಮ್ಯಾಲ ತಿಪ್ಪಿಗಿ ಹಾಕೀನ್ರಿ."

ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಹೇಳಿದಳು: "ಹೋಳಿಗಿ ಮಾಡ್ಕೊಂಡು ಬಾ ಅಂತ ಚೀಟಿ ಕಳಿಸಿದ್ರ ಆಗೂದಿಲ್ಲ. ನೀವೇ ಹೋಗ್ರಿ. ಮೊದಲ ಇದನ್ನ ಹೇಳ್ರಿ. ಆಮ್ಯಾಲ ಆಕಿ ಮಾಡ್ತೇನಿ ಅಂದ್ರ ಮಾಡ್ಲಿ, ಬಿಟ್ರ ಬಿಡ್ಲಿ."

ಕಲಾಯಿಗಾರ ಬೋಗುಣಿಯನ್ನು ನೀರಿಗೆ ಅದ್ದಿದ. ಸುಂಯ್ ಎಂದಿತು. ಒಳಗೆಲ್ಲ ಬೆಳ್ಳಗಾಗಿತ್ತು. ಚಿಗವ್ವ ನನಗೆ ಹೇಳಿದ್ದ ಒಂದು ಕೆಲಸವನ್ನು ಕೊನೆಗೂ ನನ್ನ ಹೆಂಡತಿ ಮಾಡಿಸಿದ್ದಳು.

ನಾಳೆ ಔರಾದಿಗೆ ಬಂಡಿ ಹೂಡಲು ಹೇಳಿದ್ದೇನೆ. ಬೋಗುಣಿಯನ್ನೂ ಒಯ್ಯಬೇಕೇ ಎಂದು ಬಹಳ ಹೊತ್ತು ಯೋಚಿಸಿದೆ. ಹೊಳೆಯುವ ಪಾತ್ರೆ ಹಿಡಿದು ಆ ತಾಯಿ-ಮಗಳ ಹೆಸರಲ್ಲಿ ನಾನು ಒಮ್ಮೆ ಬಡಿಸಿದ್ದು ಸಾಕು. ಬರಿಗೈಯಲ್ಲಿ ಹೋಗುತ್ತೇನೆ. ಈ ಸಲ ಮಾತು ಕನ್ನಡದಲ್ಲೇ ಆಡಬೇಕು.