ನೆಮ್ಮಾರಿನ ನೀಲಿ ಸೈಕಲ್

ಬೆಳಗಿನ ಬಸ್ಸಿಗೆ ಶಿವಮೊಗ್ಗ ಬಿಟ್ಟೆ. ಚೀಲದಲ್ಲಿ ಬಟ್ಟೆಗಿಂತ ಸ್ಪ್ಯಾನರುಗಳೇ ಹೆಚ್ಚಿದ್ದವು. ಹಳೆಯ ಇಟಲಿ ಸೈಕಲ್ ಸಂಗ್ರಹಿಸುವುದು ನನ್ನ ಹುಚ್ಚು. ಉಕ್ಕಿನ ಫ್ರೇಮು, ಬಾಗಿದ ಹ್ಯಾಂಡಲ್ಲು, ಸಪೂರ ಟಯರಿನ ರೇಸಿಂಗ್ ಸೈಕಲ್ಲುಗಳು. ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದರಲ್ಲಿ ನಾನು ಇದುವರೆಗೆ ಯಾರಿಗೂ ಸೋತವನಲ್ಲ. ಶೃಂಗೇರಿಯಾಚೆ ನೆಮ್ಮಾರಿನಲ್ಲಿ ಅಂಥದ್ದೊಂದಿದೆ ಎಂದು ಗೆಳೆಯನೊಬ್ಬ ಫೋಟೋ ಕಳಿಸಿದ್ದ.

ನರಸಿಂಹರಾಜಪುರದಲ್ಲಿ ಮಳೆ ನಿಂತು ಹೊಳವಾಗಿತ್ತು. ಕೊಪ್ಪದಲ್ಲಿ ಬಸ್ಸು ನಿಂತಾಗ ಬಿಸಿ ಬನ್ಸ್ ತಿಂದೆ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಶೃಂಗೇರಿಯಲ್ಲಿ ಬಸ್ಸು ಬದಲಿಸಿ ನೆಮ್ಮಾರು ತಲುಪುವಾಗ ಹನ್ನೊಂದು ದಾಟಿತ್ತು.

ಗಣಪಣ್ಣ ಬಾಡಿಗೆ ಜೀಪು ಓಡಿಸುವವರು. ಸೈಕಲ್ಲಿನ ಕಥೆ ಅವರೇ ಹೇಳಿದರು. ವರ್ಷಗಳ ಹಿಂದೆ ಇಟಲಿಯವನೊಬ್ಬ ಕೆರೆಕಟ್ಟೆಯ ದಾರಿಯಲ್ಲಿ ಟಯರು ಹರಿದು ಕೂತಿದ್ದನಂತೆ. ಅಂಥ ಟಯರು ಇಲ್ಲೆಲ್ಲಿ ಸಿಗಬೇಕು? ಗಣಪಣ್ಣ ಜೀಪಿನಲ್ಲಿ ಮಂಗಳೂರಿಗೆ ಬಿಟ್ಟದ್ದಕ್ಕೆ ಅವನು ಸೈಕಲ್ಲನ್ನೇ ಇವರ ಕೈಗಿಟ್ಟು ಹೋದ. ಟಯರನ್ನು ಇವರು ಆಮೇಲೆ ಹೊರಗಿನಿಂದ ತರಿಸಿ ಹಾಕಿದರು. ಅಂದಿನಿಂದ ಊರಲ್ಲಿ ಇವರ ಹೆಸರು ಇಟಲಿ ಗಣಪಣ್ಣ. ಗೇಲಿಗೆ ಹಾಗೆ ಹೆಸರಿಟ್ಟವರು ಇವರ ಹೆಂಡತಿಯ ತಮ್ಮ, ಸೀತೂರಿನ ಶೇಷಪ್ಪ. ಅದು ಇಟಲಿಯದಲ್ಲ, ಲುಧಿಯಾನದ ಕಾರ್ಖಾನೆಯ ಮಾಲು ಎಂಬುದು ಅವರ ವಾದ. ಆ ದಿನ ನನ್ನ ತೀರ್ಪು ಕೇಳಲೆಂದೇ ಬಂದು ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು.

ಸೈಕಲ್ ಹೊರಬಂದಿತು. ಪ್ರತಿ ಆಯುಧಪೂಜೆಗೆ ಜೀಪಿಗೆ ಹೊಡೆದು ಉಳಿದ ನೀಲಿ ಬಣ್ಣವನ್ನು ಗಣಪಣ್ಣ ಇದಕ್ಕೂ ಬಳಿದಿದ್ದರು. ಹೆಸರು, ನಂಬರು, ಕೆತ್ತನೆ ಎಲ್ಲ ಪದರದಡಿ ಹೂತುಹೋಗಿತ್ತು. ಒಂದಿಷ್ಟು ಕೆರೆಯಲೇ ಎಂದು ಕೇಳಿದೆ. ಪೂಜೆಯ ಬಣ್ಣ, ಕೆರೆಯುವಂತಿಲ್ಲ ಎಂದರು. ಆಮೇಲೆ ಕರಾರು ಹಾಕಿದರು:

"ನೋಡಿ ಮಾರಾಯ್ರೆ, ಇಟಲಿದಲ್ಲ ಅಂತಾದ್ರೆ ಹಾಗೇ ತಗೊಂಡು ಹೋಗಿ. ಮತ್ತೆ ಅದರ ಮುಖ ನೋಡೋದು ಬೇಡ ನಂಗೆ. ಇಟಲಿದೇ ಆದ್ರೆ ಮಾತ್ರ ಕೊಡಲ್ಲ."

ಪೆಡಲಿನ ಅಚ್ಚು ಕೂರುವ ಅಡ್ಡ ಕೊಳವೆಯನ್ನು ಅಳೆದೆ. ಇಟಲಿಯದಾದರೆ ಎಪ್ಪತ್ತು ಮಿಲಿಮೀಟರ್, ನಮ್ಮ ಕಡೆಯದಾದರೆ ಅರವತ್ತೆಂಟು. ಎಪ್ಪತ್ತು ಬಂತು. ಬಣ್ಣ ಅಳೆದಿರೋ ಸೈಕಲ್ ಅಳೆದಿರೋ ಎಂದು ಶೇಷಪ್ಪ ಕೆಣಕಿದರು. ಮಾತು ಸರಿಯಾಗೇ ಇತ್ತು. ಬಣ್ಣವೇ ಎರಡು ಮಿಲಿಮೀಟರ್ ಇದ್ದೀತು.

ಉಳಿದದ್ದು ಒಂದೇ ಪರೀಕ್ಷೆ. ಪೆಡಲಿನ ಕ್ರ್ಯಾಂಕ್ ತೆಗೆದು, ಕೊಳವೆಯ ಬಲಬದಿಗೆ ತಿರುಪಿ ಕೂರಿಸಿದ ಬೇರಿಂಗಿನ ಕಪ್ಪಿಗೆ ಸ್ಪ್ಯಾನರ್ ಹಾಕಿದೆ. ನಮ್ಮ ಸೈಕಲ್ಲುಗಳಲ್ಲಿ ಈ ಕಪ್ಪು ತಿರುವುಮುರುವು. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇಟಲಿಯದರಲ್ಲಿ ಮಾಮೂಲಿ ನಟ್ಟಿನ ಹಾಗೆ ಎಡಕ್ಕೆ. ತಪ್ಪು ದಿಕ್ಕಿಗೆ ಬಲ ಹಾಕಿದರೆ ಥ್ರೆಡ್ಡೇ ಸವೆದೀತು. ನನ್ನ ಕಣ್ಣಿನ ಮೇಲೆ ನಂಬಿಕೆಯಿಟ್ಟು ಎಡಕ್ಕೇ ಒತ್ತಿದೆ. ಬಣ್ಣ ಚಟ್ಟನೆ ಒಡೆಯಿತು, ಕಪ್ಪು ಸಲೀಸಾಗಿ ತಿರುಗಿ ಕೈಗೆ ಬಂತು. ಅದರ ವ್ಯಾಸ ಮೂವತ್ತಾರು ಮಿಲಿಮೀಟರ್, ಇಟಲಿಯ ಅಳತೆಯೇ. ಅದಕ್ಕೆ ಬಣ್ಣ ತಾಗಿರಲಿಲ್ಲ, ಅನುಮಾನಕ್ಕೂ ಜಾಗವಿರಲಿಲ್ಲ.

ಅಲ್ಲ ಎಂದರೆ ಸಂಜೆಗೇ ಸೈಕಲ್ಲು ನನ್ನದು. ಅಲ್ಲಿ ನನ್ನನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ. ಆಸೆಯಾಯಿತು, ಬಹಳ ಆಸೆಯಾಯಿತು. ತಲೆಯೆತ್ತಿದರೆ ಗಣಪಣ್ಣ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯುವವರಂತೆ ಕೈ ಕಟ್ಟಿ ನಿಂತಿದ್ದರು.

"ಇಟಲಿದೇ" ಎಂದೆ.

ಗಣಪಣ್ಣ ಹೆಗಲ ಟವೆಲ್ಲಿನಿಂದ ಸೀಟು ಒರೆಸಿದರು, ಆಮೇಲೆ ಕಣ್ಣು ಒರೆಸಿಕೊಂಡರು. ಶೇಷಪ್ಪ ಅಂಗಳದಂಚಿಗೆ ಹೋಗಿ ಕವಳ ಉಗಿದು ಬಂದರು.

ಕಪ್ಪು, ಕ್ರ್ಯಾಂಕ್ ಮತ್ತೆ ಕೂರಿಸಿಕೊಟ್ಟೆ. ಊಟಕ್ಕೆ ಕೆಸುವಿನ ಪತ್ರೊಡೆ ಇತ್ತು. ಹೊಟ್ಟೆ ತುಂಬಿತಾದರೂ ಸೈಕಲ್ಲಿನ ಸಂಕಟ ತೀರಲಿಲ್ಲ. ಬಸ್ಸಿಗೆ ಹೊರಟಾಗ ಶೇಷಪ್ಪ ಮೆಲ್ಲಗೆ ಕೇಳಿದರು:

"ಒಂದು ಸುತ್ತು ಹೊಡೀಲಾ ಭಾವ?"

"ಚಪ್ಪಲಿ ಬಿಟ್ಟು ಹತ್ತು" ಎಂದರು ಗಣಪಣ್ಣ.

ಬಸ್ಸು ತಿರುವಿಗೆ ಬಂದಾಗ ಕಿಟಕಿಯಿಂದ ನೋಡಿದೆ. ಪಂಚೆ ಎತ್ತಿ ಕಟ್ಟಿದ ಶೇಷಪ್ಪ ಬರಿಗಾಲಲ್ಲಿ ಪೆಡಲ್ ತುಳಿಯುತ್ತಿದ್ದರು. ಹಿಂದೆ ಆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಇಟಲಿ ಗಣಪಣ್ಣ ಓಡುತ್ತಿದ್ದರು.