ಸನಾದಿ ಪೀರಪ್ಪ ಪಂಪು ಊದಿದ್ದು

ವಾಡಿ ಜಂಕ್ಷನ್ನಿನ ಉಗಿ ಇಂಜಿನ್ನಿಗೂ ನೀರು ಬೇಕು, ಕಲ್ಲಿದ್ದಲು ಬೇಕು. ತನ್ನ ಉಸಿರಿಗೆ ಮಾತ್ರ ಏನೂ ಬೇಡ ಎಂದು ಸನಾದಿ ಪೀರಪ್ಪ ಕಂಡಕಂಡವರಿಗೆ ಹೇಳುತ್ತಿದ್ದ. ಚಿತ್ತಾಪುರದಲ್ಲಿ ಬೀಗರನ್ನು ಎದುರುಗೊಳ್ಳುವಾಗ ಅವನು ಹಿಡಿದ ಸ್ವರ, ಸೇಡಂನಲ್ಲಿ ಅಕ್ಷತೆ ಬೀಳುವವರೆಗೂ ನಿಂತಿರಲಿಲ್ಲವಂತೆ. ಸಾಕ್ಷಿ ಕೇಳಿದರೆ, ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಕುಳಿತಿದ್ದರು.

ಗುಟ್ಟು ಇಷ್ಟೇ. ಸನಾದಿಯವನು ಬಾಯಿಂದ ಊದುತ್ತಲೇ ಮೂಗಿನಿಂದ ಗಾಳಿ ಕದಿಯುತ್ತಾನೆ. ನಲವತ್ತು ವರ್ಷದಿಂದ ಪೀರಪ್ಪನ ಬಾಯಿಗೆ ಗಾಳಿ ಹೊರಹಾಕಿಯೇ ರೂಢಿ. ಆ ದಾರಿಯಲ್ಲಿ ಒಳಗೆ ಹೋಗುತ್ತಿದ್ದದ್ದು ರೊಟ್ಟಿ ಮತ್ತು ಚಹಾ.

ಇಂಥವನಿಗೆ ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ ದಮ್ಮು, ಅಂದರೆ ಉಬ್ಬಸ, ಹತ್ತಿತು. ಶಹಾಬಾದಿನ ಒಂದು ಮದುವೆ ಮೆರವಣಿಗೆಯಲ್ಲಿ, ಕಲ್ಲುಪುಡಿ ಎದ್ದ ಬೀದಿಯಲ್ಲಿ, ಸ್ವರ ನಡುವೆಯೇ ಮುರಿಯಿತು. ಎದೆಯೊಳಗೆ ಬೇರೆಯದೇ ಒಂದು ಸನಾದಿ ಸಿಳ್ಳೆ ಹಾಕತೊಡಗಿತು. ಅದುವರೆಗೆ ಹಿಂದೆ ನಿಂತು ಶ್ರುತಿ ಹಿಡಿಯುತ್ತಿದ್ದ ಮುಧೋಳದ ಭಾವಮೈದುನ ಗೊಲ್ಲಾಳಪ್ಪ ಮುಂದೆ ಬಂದು ಊದಿ ಮುಗಿಸಿದ. ಮುಂದೆ ಬರಲಿದ್ದ, ಸೇಡಂನ ಸಾಹುಕಾರ ರೇವಣಪ್ಪನವರ ಮಗಳ ಮದುವೆಗೆ ಮುಂದೆ ನಿಲ್ಲುವವರು ಯಾರು ಎಂಬ ಮಾತು ಅಂದೇ ಎದ್ದಿತು. ಆ ಜಾಗ ಹೋದರೆ, ಉಳಿದ ಆಯುಷ್ಯವೆಲ್ಲ ಪೀರಪ್ಪ ಭಾವಮೈದುನನ ಬೆನ್ನು ನೋಡುತ್ತ ಶ್ರುತಿ ಹಿಡಿಯಬೇಕು.

ವಾಡಿ ದವಾಖಾನೆಯ ಡಾಕ್ಟರ್ ಬಸವಂತರಾಯರು ಒಳ್ಳೆಯವರೇ. ಅವರ ಬಾಗಿಲಿನ ಸಾಲು ಮಾತ್ರ ನಾಲವಾರ ಸ್ಟೇಷನ್ ಮುಟ್ಟಿ, ಅರ್ಧ ಜನ ಬೇಸತ್ತು ರೈಲು ಹತ್ತಿಬಿಡುತ್ತಿದ್ದರು. ದಮ್ಮು ಎದ್ದರೆ ಒಂದು ಸೂಜಿ, ಇಳಿದರೆ ಮನೆಗೆ; ಮತ್ತೆ ಎದ್ದರೆ ಮತ್ತೊಂದು. ಕೊನೆಗೆ ಗುಲ್ಬರ್ಗದಿಂದ ದಮ್ಮಿನ ಔಷಧವನ್ನು ಹಬೆಯಾಗಿ ಬಿಡುವ ಹೊಸ ನಮೂನೆಯ ಪಂಪು ತರಿಸಿ, ಬಾಯಲ್ಲಿಟ್ಟು ಒತ್ತಿಕೋ ಎಂದರು. ಅಷ್ಟರಲ್ಲಿ ಮುಂದಿನವನ ನಾಡಿ ಅವರ ಕೈಯಲ್ಲಿತ್ತು.

ಪೀರಪ್ಪ ಮನೆಗೆ ಬಂದು, ತುಟಿ ಒದ್ದೆ ಮಾಡಿಕೊಂಡು, ಗಲ್ಲ ಉಬ್ಬಿಸಿ, ಒತ್ತಿ, ಊದಿದ. ಬಾಯಿಯ ಸುತ್ತ ಬಿಳಿ ಹಬೆ ಎದ್ದಿತು.

"ನೋಡಲೇ ಗುಂಡಮ್ಮ, ಬ್ಯಾನಿ ಹೊರಗ ಹೋಗ್ಲಿಕತ್ತದ," ಎಂದು ಹೆಂಡತಿಗೆ ತೋರಿಸಿದ.

"ಹೋಗ್ತದ, ಬಾಗಲ ತನಕ ಹೋಗಿ ತಿರುಗಿ ಬರ್ತದ," ಎಂದಳು, ಅವನ ಎದೆಯ ಸಿಳ್ಳೆ ಕೇಳಿ ಕೇಳಿ ನಿದ್ದೆ ಕೆಟ್ಟಿದ್ದ ಗುಂಡಮ್ಮ.

ಡಾಕ್ಟರು ಪ್ರತಿ ಸಲವೂ "ತಗೊಳ್ಳಿಕತ್ತೀಯೇನು?" ಎಂದು ಕೇಳುವರು, ಇವನು ಹೂಂ ಎನ್ನುವನು, ಹಾಗಾದರೆ ಇನ್ನೂ ಹೆಚ್ಚು ತಗೋ ಎಂದು ಅವರು ಬರೆದುಕೊಡುವರು. ಪಂಪಿನ ಮೇಲೆ ಪಂಪು ಖಾಲಿಯಾಯಿತು. ಆ ಮನೆಯ ಸೊಳ್ಳೆಗಳೆಲ್ಲ ದಮ್ಮು ವಾಸಿಯಾಗಿ ಹಾಯಾಗಿ ಹಾರಾಡಿದವು. ಪೀರಪ್ಪ ಮಾತ್ರ ನಾಲ್ಕು ಹೆಜ್ಜೆಗೆ ಕೂರುತ್ತಿದ್ದ.

ಮದುವೆ ಹತ್ತಿರ ಬಂತು. ಒಂದು ದಿನ ಸಾಲಿನಲ್ಲೇ ಕುಸಿದು ಕುಳಿತವನನ್ನು ನರ್ಸ್ ಸರ್ವರಬೇಗಂ ಕಂಡಳು. ಬೈಯಲಿಲ್ಲ, ಸೂಜಿಗೂ ಕೈ ಹಾಕಲಿಲ್ಲ.

"ಪೀರಪ್ಪಣ್ಣ, ನನ್ನ ಮುಂದ ಒಮ್ಮೆ ತಗೊಂಡು ತೋರಸ್ರಿ," ಎಂದಳು.

ಪೀರಪ್ಪ ನೆಟ್ಟಗೆ ಕುಳಿತು, ಕಛೇರಿಗೆ ಕುಳಿತವನ ಹಾಗೆ ಊದಿದ. ಹಬೆಯೆಲ್ಲ ಅವಳ ಮುಖಕ್ಕೇ ಹೊಡೆಯಿತು. ಅವತ್ತು ಸರ್ವರಬೇಗಂಳ ಎದೆಗೆ ಹೋದಷ್ಟು ಔಷಧ ಪೀರಪ್ಪನ ಎದೆಗೆ ಎಂದೂ ಹೋಗಿರಲಿಲ್ಲ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮೊದಲು ಉಸಿರು ಬಿಟ್ಟು, ಆಮೇಲೆ ಒತ್ತುತ್ತ ಒಳಗೆಳೆದು, ಹಿಡಿದಿಟ್ಟುಕೊಳ್ಳುವುದನ್ನು ತೋರಿಸಿದಳು. ಬಾಯಿಂದ ಒಳಗೆಳೆಯುವುದು ಪೀರಪ್ಪನಿಗೆ ಎಡಗೈಯಲ್ಲಿ ಉಂಡಂತಾಯಿತು. ಅವನು ತಪ್ಪಿದಾಗಲೆಲ್ಲ ಅವಳು ಮತ್ತೆ ಮೊದಲಿಂದ ಮಾಡಿಸಿದಳು. ಕೊನೆಗೊಮ್ಮೆ ಒಳಗಿನ ಸಿಳ್ಳೆ ತಗ್ಗಿತು.

ಸೇಡಂ ಮದುವೆಯಲ್ಲಿ ಪೀರಪ್ಪನೇ ಮುಂದೆ ನಿಂತ. ನಡುವೆ ಒಮ್ಮೆ ಚಕ್ಕಡಿಯ ಮರೆಗೆ ಹೋಗಿ ಪಂಪಿನ ಔಷಧ ಒಳಗೆಳೆದುಕೊಂಡು ಬಂದ. ಅಷ್ಟು ಹೊತ್ತು ಗೊಲ್ಲಾಳಪ್ಪ ಸ್ವರ ಕಾಯ್ದ. ಸರ್ವರಬೇಗಂಳಿಂದ ಪಂಪಿನ ಸಂಗತಿಯೆಲ್ಲ ಕೇಳಿ ಊಟಕ್ಕೆ ಬಂದಿದ್ದ ಬಸವಂತರಾಯರು ಅದನ್ನು ಕಂಡರು.

"ನಿನ್ನ ಉಸಿರಿಗಿ ಏನೂ ಬ್ಯಾಡ ಅಂತಿದ್ದೆಲ್ಲೋ," ಎಂದು ಎಲ್ಲರ ಮುಂದೆ ಕೆಣಕಿದರು. "ಈಗ ಕಿಸೆದಾಗ ಕಲ್ಲಿದ್ದಲು ಇಟ್ಕೊಂಡು ತಿರಗ್ತಿ. ಅದನ್ನೂ ಇಷ್ಟು ದಿನ ಉಲ್ಟಾ ಊದಿದಿ."

ಪೀರಪ್ಪ ಸನಾದಿಯ ಬಾಯಿ ಒರೆಸುತ್ತ ಹೇಳಿದ: "ಖರೇ ಅದರಿ ಸಾಹೇಬ್ರ. ಆದ್ರ ನಾನೂ ಎಷ್ಟೋ ಮಂದಿಗಿ ಸನಾದಿ ಕಲಿಸೀನಿ. 'ಊದ್ಲಿಕತ್ತೀಯೇನು' ಅಂತ ಕೇಳಿ ಒಬ್ಬನ್ನೂ ಮನೀಗಿ ಕಳಿಸಿಲ್ರಿ. ಊದು ಅಂದು, ಮುಂದ ಕುಂತು ಕೇಳೀನಿ."